ಮಿಡಲ್‌ಟನ್ ಕಾಡಿನ ಮೂರೆಲೆ

೧೭೫೮ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು, ಮಿಡಲ್‌ಟನ್ನಿನ ಕಲ್ಲಿದ್ದಲನ್ನು ಲೀಡ್ಸ್ ಪೇಟೆಗೆ ಸಾಗಿಸುವ ಬಂಡಿಹಾದಿಗೆ ಒಪ್ಪಿಗೆ ಕೊಟ್ಟಿತು. ಗಣಿಗಳು ಮುಚ್ಚಿದವು, ಕಾಡು ಉಳಿಯಿತು. ಈಗ ಅದು ನಾವಿರುವ ಲೀಡ್ಸ್ ಊರಿನೊಳಗೇ ಇದೆ; ಬಸ್ಸಿಳಿದು ನಡೆದರೆ ಸಿಗುತ್ತದೆ.

ಅಲ್ಲಿನ ನೆಲದ ತುಂಬ ಬಟ್ಟಲಿನಂಥ ತಗ್ಗುಗಳು. ಯುದ್ಧಕಾಲದಲ್ಲಿ ಬಾಂಬು ಬಿದ್ದ ಗುಂಡಿಗಳಿವು ಎಂದು ನಾನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದೆ. ಸುದ್ದಿಮನೆಯಲ್ಲಿ ಕೆಲಸ ಮಾಡುವವನ ಮಾತೆಂದು ಯಾರೂ ಎದುರಾಡಲಿಲ್ಲ. ಕಳೆದ ವಸಂತದ ಒಂದು ಭಾನುವಾರ, ಕಾಡು ತೋರಿಸುವ ಸ್ವಯಂಸೇವಕಿಯೊಬ್ಬರು ಅವು ಹಳೆಯ ಕಲ್ಲಿದ್ದಲ ಬಾವಿಗಳೆಂದರು. ಧಾರವಾಡದಿಂದ ಬಂದಿದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಅದನ್ನು ಕನ್ನಡದಲ್ಲಿ ಹೇಳುವ ಕೆಲಸವೂ ನನ್ನದೇ.

"ಹಂಗಾದ್ರ ನಿಮ್ಮ ಬಾಂಬು ಎಲ್ಲಿ ಬಿತ್ರೀ?" ಎಂದರು.

ಅವರ ಚಿಂತೆ ಬೇರೆಯೇ ಇತ್ತು. ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ದಿನಾ ಅಂಗೈಯಲ್ಲಿಟ್ಟು ಪೂಜಿಸುವವರು. ಏರಿಸಲು ಬಿಲ್ವಪತ್ರೆ ಬೇಕು. ಊರಿಂದ ತಂದದ್ದನ್ನೇ ತೊಳೆದು ತೊಳೆದು ಏರಿಸಿ, ಅದೀಗ ಒಣಗಿ ಚಹಾಪುಡಿಯಂತಾಗಿತ್ತು. ಪತ್ರೆಯಿಲ್ಲದೆ ಪೂಜೆ ಮುಗಿಸಿದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಓಕ್ ಮರವೊಂದರ ಬುಡದಲ್ಲಿ ಅತ್ತೆ ಥಟ್ಟನೆ ಕುಕ್ಕರಿಸಿದರು. ಗೇಣುದ್ದವೂ ಇಲ್ಲದ ಎಳೆ ಹಸಿರಿನ ಗಿಡ, ಒಂದೊಂದು ತೊಟ್ಟಿಗೂ ಮೂರೆಲೆ.

"ಥೇಟ್ ಪತ್ರಿ ಹಂಗ ಅದ ನೋಡ್ರಿ," ಎಂದು ಕೈ ಚಾಚಿದರು.

ಸ್ವಯಂಸೇವಕಿ ಮೆಲ್ಲಗೆ ತಡೆದರು. ಈ ಗಿಡ ಹಬ್ಬುವುದು ಬಹಳ ನಿಧಾನ. ಹೀಗೆ ದಟ್ಟವಾಗಿ ಬೆಳೆದಿದ್ದರೆ ಆ ನೆಲ ಬಹುಕಾಲದಿಂದ ಕಾಡಾಗಿಯೇ ಇದೆ ಎಂದು ಊಹಿಸುತ್ತಾರಂತೆ.

"ಕೀಳೋ ಹಾಗಿಲ್ಲವಂತೆ, ಅತ್ತೆ. ಹಳೇ ಕಾಡಿನ ಗುರುತಂತೆ."

"ಹಳೇ ಮನಿತನದ್ದು ಅನ್ರಿ. ಹಂಗಾದ್ರ ಹರೀಬಾರದು." ಕೈ ಹಿಂದೆ ಬಂತು, ಮುಖ ಸಪ್ಪಗಾಯಿತು.

ಬಸ್ ನಿಲ್ದಾಣದಲ್ಲಿ ನಾನು ಸಮಾಧಾನಕ್ಕೆಂದು, "ಆನ್‌ಲೈನ್‌ನಲ್ಲಿ ಬಿಲ್ವದ ಪುಡಿ ಸಿಗುತ್ತೆ," ಎಂದೆ.

"ಪುಡಿ ನನ್ನ ಕಡೀನೂ ಅದ," ಎಂದರು. ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಮುಂದುವರಿಸಿದರು: "ಪತ್ರಿ ಮನಿಗೆ ಬರಾಂಗಿಲ್ಲ ಅಂದ್ರ ನಾವ ಅದರ ಕಡೆ ಹೋಗೂದು. ಲಿಂಗಪ್ಪ ಕೊಳ್ಳಾಗ ಅದಾನಲ್ಲ. ನಾಳೆ ಸೋಮವಾರ, ನಿಮ್ಮ ಡ್ಯೂಟಿ ರೋಟಾ ಹೆಂಗದ?"

"ಮಧ್ಯಾಹ್ನದ ಶಿಫ್ಟು."

"ಹಂಗಾದ್ರ ಲಗೂನ ಏಳ್ರಿ."

ಸೋಮವಾರ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಸೀರೆಯ ಮೇಲೆ ನನ್ನ ಹೆಂಡತಿಯ ರೇನ್‌ಕೋಟು ತೊಟ್ಟು, ಅದೇ ಓಕ್ ಮರದ ಕೆಳಗೆ ಚಾಪೆ ಹಾಸಿ ಕೂತರು. ನಾನು ವಿಭೂತಿ ಹಿಡಿದು ನಿಂತೆ. ನಾಯಿ ಅಡ್ಡಾಡಿಸಲು ಬಂದ ಮುದುಕರೊಬ್ಬರು ಗುಡ್ ಮಾರ್ನಿಂಗ್ ಹೇಳಿ, ನಾಯಿಯ ಹಗ್ಗ ಬಿಗಿಹಿಡಿದು ದೂರದಿಂದ ದಾಟಿದರು. ಅತ್ತೆ ಲಿಂಗವಿದ್ದ ಅಂಗೈಯನ್ನು ನೆಲಕ್ಕೆ ತಗ್ಗಿಸಿ ಗಿಡದ ಕೆಳಗೆ ಚಾಚಿದರು. ಮೂರೆಲೆ ತೊಟ್ಟಿನಿಂದ ಕಳಚದೆ ಲಿಂಗದ ಮೇಲೆ ಒರಗಿತು.