ಹೊಟ್ಟೆಯ ಮೇಲಿನ ಮಣಿ ತಟ್ಟೆ

ಕಾಕುವಿನ ಎಡಗೈ ತೋರುಬೆರಳಿನ ತುದಿ ಹುಣಸೆ ಬೀಜದ ಹಾಗೆ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ಕಪ್ಪಗೆ ಸತ್ತುಹೋಗಿತ್ತು. ಕುದಿಯುವ ಚಹಾದ ಲೋಟಕ್ಕೆ ಅದೇ ಬೆರಳನ್ನು ಒತ್ತಿ ಹಿಡಿದು, "ಇದಕ್ಕ ಬಿಸಿ ಇಲ್ಲ, ತಂಪಿಲ್ಲ. ನಮ್ಮ ಮನಿಯಾಗ ಸುಖವಾಗಿರೂದು ಇದೊಂದ ನೋಡವಾ" ಎಂದು ನಗುತ್ತಿದ್ದರು.

ಮುಂಬಯಿ ಹತ್ತಿರದ ಡೊಂಬಿವಲಿಯ ಹಳೆಯ ಚಾಳಿನಲ್ಲಿ ನಮ್ಮ ಒಂಟಿ ಕೋಣೆಯ ಖೋಲಿಗೆ ಅಂಟಿಕೊಂಡ ಖೋಲಿ ಅವರದು. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇಟ್ಟಿಗೆ ಹೊತ್ತು ಸೊಂಟ ಹೋದ ಮೇಲೆ ಮಣಿ ಕೆಲಸ ಹಿಡಿದು ಕೂತಿದ್ದರು. ಉಲ್ಲಾಸನಗರದ ಒಂದು ಬ್ಲೌಸ್ ಅಂಗಡಿಯಿಂದ ಕತ್ತರಿಸಿದ ಕೊರಳು, ತೋಳಿನ ತುಂಡು ತಂದು ಮನೆಯಲ್ಲೇ ಮಣಿ ಕೂರಿಸಿ ಕೊಡುತ್ತಿದ್ದರು. ಇಡೀ ಚಾಳು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾವು ಉಡುಪಿ ಕಡೆಯವರು. ನನ್ನ ಗಂಡ ಠಾಣೆಯಲ್ಲಿ, ವಾಗ್ಳೆ ಎಸ್ಟೇಟ್ ಹತ್ತಿರದ ವೆಜ್ ಹೋಟೆಲೊಂದರ ಹಣದ ಗಲ್ಲೆಯಲ್ಲಿ ಕೂರುತ್ತಿದ್ದರು. ಎರಡು ವರ್ಷ ಒಂದೇ ಗೋಡೆಯ ಆಚೀಚೆ ಇದ್ದರೂ "ನೀರು ಬಂತಾ?" ಎಂಬುದಕ್ಕಿಂತ ಹೆಚ್ಚಿನ ಮಾತು ನಾನು ಕಾಕು ಜೊತೆ ಆಡಿದ್ದಿಲ್ಲ. ಎದುರಿಗೆ ಬಹುವಚನ ಬಳಸಿದರೂ ಮನಸ್ಸಿನಲ್ಲಿ ಅವರು ನನಗೆ "ಅವಳು" ಆಗಿದ್ದರು. ನನ್ನ ಅಹಂಕಾರಕ್ಕೆ ಏನೂ ಕಡಿಮೆ ಇರಲಿಲ್ಲ.

ಆಗ ನಾನು ಮೂರನೇ ಸಲ ಬಸುರಿ. ಮೊದಲನೆಯದು ನಾಲ್ಕು ತಿಂಗಳಿಗೆ ಹೋಗಿತ್ತು, ಎರಡನೆಯದು ಐದಕ್ಕೆ. ಈ ಸಲ ಮೂರು ತುಂಬುತ್ತಲೇ ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, "ಇದೇ ಕೊನೆಯ ಪ್ರಯತ್ನ ಅಂದ್ಕೊಳ್ಳಿ. ಹಾಸಿಗೆ ಬಿಟ್ಟು ಏಳಬೇಡಿ. ಮಂಚದ ಕಾಲಿನ ಕಡೆ ಎತ್ತರಿಸಿ" ಎಂದಿದ್ದರು. ನನ್ನ ಗಂಡ ಮಂಚದ ಕಾಲಿನ ಕೆಳಗೆ ಹಳೆಯ ಪೇಪರಿನ ಕಟ್ಟು ತುರುಕಿದರು. ಮಂಚ ಅಲುಗಿತು, ನಾನು ಕಿರುಚಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಕು ಹೋಗಿ, ಹೋದ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ತಲೆಯ ಮೇಲೆ ನಾಲ್ಕು ಇಟ್ಟಿಗೆ ಹೊತ್ತು ತಂದರು. "ಸಾಹೇಬ್ರ, ನೀವು ಮಂಚ ಎತ್ರಿ ಸಾಕು. ಇಟ್ಟಂಗಿ ಇಡೂದು ನನಗ ಗೊತ್ತೈತಿ" ಎಂದರು. ಮಂಚ ಮತ್ತೆ ಅಲುಗಲಿಲ್ಲ.

ಮಾರನೆಯ ದಿನದಿಂದ ಕಾಕು ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿಡತೊಡಗಿದರು. ನಾನು ತಿನ್ನಲಿಲ್ಲ. ತಲೆಯ ಹತ್ತಿರವೇ ಕಿಟಕಿ ಇತ್ತು, ಅವರು ಆಚೆ ಹೋದ ಕೂಡಲೇ ರೊಟ್ಟಿ ಮುರಿದು ಕಾಗೆಗೆ ಹಾಕಿಬಿಡುತ್ತಿದ್ದೆ. ಯಾವ ಜನವೋ, ಏನು ತಿನ್ನುವವರೋ ಎಂಬ ಲೆಕ್ಕಾಚಾರ. ಹೊಟ್ಟೆಯಲ್ಲಿನ ಜೀವ ಉಳಿಯಲಿ ಎಂದು ಊರ ದೇವರಿಗೆಲ್ಲ ಹರಕೆ ಹೊತ್ತವಳಿಗೆ ಬಾಗಿಲಿಗೆ ಬಂದ ಅನ್ನ ಮಾತ್ರ ಬೇಡವಾಗಿತ್ತು. ಏಳು ದಿನ ಹೀಗೇ ನಡೆಯಿತು. ಎಂಟನೆಯ ದಿನ ಕಾಕು ಕಿಟಕಿಯ ಕಡೆ ನೋಡಿ, "ಕಾಗಿಗೆ ನನ್ನ ರೊಟ್ಟಿ ರೂಢಿ ಆಗೈತಿ ನೋಡು. ಹೊತ್ತಿಗೆ ಸರಿಯಾಗಿ ಬಂದು ಕೂಡತಾವ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ರೊಟ್ಟಿ ತರಲಿಲ್ಲ. ಸಿಪ್ಪೆಯೊಳಗಿನ ಬಾಳೆಹಣ್ಣು, ಒಡೆಯದ ಬಿಸ್ಕೀಟು ಪೊಟ್ಟಣ, ಇಂಥವನ್ನೇ ತಂದರು. ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಬಾಳೆಹಣ್ಣು ತಿಂದೆ.

ಮಲಗಿದವಳಿಗೆ ಬೇರೇನು ಕೆಲಸ? ಗಂಡ ಬೆಳಗಿನ ಲೋಕಲ್ಲಿಗೆ ಹೋದರೆ ಬರುವುದು ರಾತ್ರಿ. ಪ್ರತಿ ಗಳಿಗೆಯೂ ರಕ್ತ ಬಂತೇನೋ ಎಂದು ಸೀರೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾರದೆ ಗೋಡೆಗೆ ತಲೆ ಚಚ್ಚಿಕೊಂಡೆ. ಸದ್ದು ಕೇಳಿ ಕಾಕು ಓಡಿ ಬಂದರು. "ಇದೂ ಉಳಿಯುದಿಲ್ಲ ಕಾಕು. ನಂಗೆ ಗೊತ್ತುಂಟು" ಎಂದು ಅತ್ತೆ. ಅವರು ತಮ್ಮ ಖೋಲಿಗೆ ಹೋಗಿ ಸ್ಟೀಲ್ ತಟ್ಟೆ, ಸಾಸಿವೆಗಾತ್ರದ ಗಾಜಿನ ಮಣಿ, ಕೂದಲಿನಷ್ಟು ತೆಳ್ಳಗಿನ ಸೂಜಿ ತಂದರು. "ತಲಿ ಚಚ್ಚಿಕೊಳ್ಳಾಕ ಕೈ ಖಾಲಿ ಇರಬೇಕಲ್ಲ. ಖಾಲಿ ಬಿಡಬ್ಯಾಡ" ಎಂದರು.

ಹಾಗೆ ಶುರುವಾಯಿತು ನನ್ನ ಮಣಿ ಕೆಲಸ. ತಟ್ಟೆಗೆ ಹಳೆ ಬನಿಯನ್ನಿನ ತುಂಡು ಹಾಸಿ ಮಣಿ ಸುರಿದರೆ ಉರುಳುವುದಿಲ್ಲ. ದಾರಕ್ಕೆ ಮೇಣದ ಬತ್ತಿ ಉಜ್ಜಿದರೆ ಸಿಕ್ಕಾಗುವುದಿಲ್ಲ. ಮಣಿಯನ್ನು ಬೆರಳಿನಿಂದ ಹಿಡಿಯಲು ಹೋಗಬಾರದು, ಸೂಜಿಯ ಮೊನೆಯಿಂದಲೇ ಎತ್ತಬೇಕು. ನಾನು ಇದೆಲ್ಲವನ್ನೂ ಅಂಗಾತ ಮಲಗಿ ಕಲಿಯಬೇಕಿತ್ತು. ಮಣಿ ಕಣ್ಣಿಗೆ ಬಿದ್ದವು, ಕಿವಿಯೊಳಗೆ ಹೋದವು. ಮೊದಲು ಕೊಟ್ಟ ಬ್ಲೌಸ್ ತೋಳನ್ನು ಕೆಡಿಸಿಯೇಬಿಟ್ಟೆ. ಕಾಕು ಅದನ್ನು ಬೆಳಕಿಗೆ ಹಿಡಿದು, "ಇದನ್ನ ತೊಟ್ಟಾಕಿ ಕೈ ಎತ್ತಂಗಿಲ್ಲ ಬಿಡು" ಎಂದು ಬಿಚ್ಚಲು ಕೂತರು.

ಆಮೇಲೆ ತಾವೇ ಹೊಲಿದ ಕೌದಿಯೊಂದನ್ನು ತಂದು ನನ್ನ ಮೇಲೆ ಹೊದಿಸಿದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಪುಟ್ಟ ಕೌದಿ. ಇದರ ಅಂಚಿನ ಸುತ್ತ ಮಣಿಯ ಬಳ್ಳಿ ಹಾಕು ಎಂದರು. ಹುಟ್ಟದ ಕೂಸಿಗೆ ನಮ್ಮಲ್ಲಿ ಏನನ್ನೂ ಮಾಡಿಡುವುದಿಲ್ಲ. ನಾನು ಹೆದರಿ ಕೈ ಹಿಂದೆಗೆದೆ. "ನಿನ್ನ ಕೂಸಿಗೆ ಯಾರು ಅಂದ್ರು? ನನಗ. ಮುದುಕಿ ಆದ ಮ್ಯಾಲ ಕಾಲಿಗೆ ಹೊದ್ಕೊಳ್ಳಾಕ" ಎಂದರು. ಅಳತೆ ನೋಡಿದರೆ ಸುಳ್ಳೆಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಆ ಸುಳ್ಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಅವರ ಶಾಸ್ತ್ರದಲ್ಲಿ ಒಂದೇ ನಿಯಮ ಗಟ್ಟಿ: ಐದು ಮಣಿಗೊಂದು ಗಂಟು. ನನಗೋ ಮೂಗಿನ ತುದಿಯಲ್ಲಿ ಕೋಪ. ಗಂಟಿಗೆ ಯಾರು ನಿಲ್ಲುತ್ತಾರೆ ಎಂದು ಒಂದು ಗೇಣು ಬಳ್ಳಿಯನ್ನು ಒಂದೇ ದಾರದಲ್ಲಿ ಓಡಿಸಿದೆ. ಕಾಕು ಉಗುರಿನಿಂದ ಒಂದು ಕಡೆ ಎಳೆದರು. ದಾರ ಹರಿದು ಮಣಿಯೆಲ್ಲ ಸುರಿಯಿತು. "ಗಂಟಿದ್ರ ಐದ ಹೋಗ್ತಿದ್ದುವು. ದಿನಾನೂ ಹಂಗ. ಹೆರಿಗಿ ತನಕ ನೋಡಬ್ಯಾಡ, ತಲಿ ತಿರಗತೈತಿ. ಐದು ದಿನ ನೋಡು, ಗಂಟು ಹಾಕು." ಅಂದಿನಿಂದ ನಾನು ಐದೈದು ದಿನ ಬದುಕಿದೆ.

ತಟ್ಟೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೆ. ಐದನೆಯ ತಿಂಗಳು ದಾಟಿ ಒಂದು ದಿನ ಮಣಿಗಳ ಪುಟ್ಟ ಗುಡ್ಡೆ ತನ್ನಷ್ಟಕ್ಕೇ ಜಾರಿತು. ಮತ್ತೊಮ್ಮೆ ಜಾರಿತು. ಒಳಗಿಂದ ಯಾರೋ ಒದ್ದಿದ್ದರು. ಅಂದಿನಿಂದ ಗುಡ್ಡೆ ಜಾರಿದಾಗೆಲ್ಲ ನನ್ನ ಕೂಸು ಬದುಕಿದೆ ಎಂದು ಲೆಕ್ಕ.

ಏಳನೆಯ ತಿಂಗಳಲ್ಲಿ ಒಂದು ದಿನ ಬೆಳಗಿನಿಂದ ಮಣಿ ಕದಲಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಗಂಡನಿಗೆ ಫೋನು ಮಾಡಿದರೆ ಊಟದ ಗದ್ದಲದಲ್ಲಿ ಎತ್ತಲಿಲ್ಲ. ನಾನು ಗೋಡೆ ಬಡಿದೆ. ಕಾಕು ಬಂದು ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಮಗ್ಗುಲಿಗೆ ಮಲಗಿಸಿ ಬೆಲ್ಲದ ನೀರು ಕುಡಿಸಿದರು. ಅವರ ಮನೆಯ ಲೋಟವೆಂದು ಆಗ ನನಗೆ ನೆನಪೇ ಆಗಲಿಲ್ಲ. ಎಡಗೈ ಚಾಚಿದವರು ಹಿಂದೆಳೆದುಕೊಂಡು, "ಈ ಬೆರಳಿಗೆ ಏನೂ ತಿಳಿಯಂಗಿಲ್ಲ" ಎಂದು ಬಲ ಅಂಗೈಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದರು. ಮುಕ್ಕಾಲು ಗಂಟೆ ಕಾಕು ಬಗ್ಗಿಯೇ ನಿಂತಿದ್ದರು, ಆ ಸೊಂಟದಲ್ಲಿ. ನಾನು ಸತ್ತು ಸತ್ತು ಬದುಕುತ್ತಿದ್ದೆ. ಕಡೆಗೆ ಅವರ ಅಂಗೈಯ ಅಡಿಯಲ್ಲಿ ಮೆಲ್ಲಗೆ ಒಂದು ಒದೆ. "ಕಳ್ಳಿ, ನಿದ್ದಿ ಮಾಡ್ತಿದ್ಲು" ಎಂದರು ಕಾಕು. ನನ್ನ ಮುಂದೆ ಅವರು ಅತ್ತಿದ್ದು ಆ ಒಂದೇ ಸಲ.

ಎಂಟನೆಯ ತಿಂಗಳು ಹಿಡಿದ ಮೊದಲ ವಾರದಲ್ಲೇ ಗರ್ಭದ ನೀರು ಹೋಯಿತು. ಕಲ್ಯಾಣದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿ ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಡಾಕ್ಟರು ಯಾವ ಭರವಸೆಯನ್ನೂ ಕೊಡಲಿಲ್ಲ. ಕಾಕು ಬ್ಲೌಸ್ ತುಂಡುಗಳ ಚೀಲದೊಡನೆ ದಿನವೂ ಬಂದು ನನ್ನ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಐದನೆಯ ದಿನ, ಹತ್ತನೆಯ ದಿನ, ಹದಿನೈದನೆಯ ದಿನ ನನ್ನ ಸೆರಗಿನ ತುದಿ ಎಳೆದು, "ಹಾಕು ಗಂಟು" ಎಂದರು. ನಾಲ್ಕನೆಯ ಗಂಟು ಹಾಕಿ ಮಗಳನ್ನು ಮನೆಗೆ ತಂದೆವು.

ಅಂದು ಕಾಕು ಕೌದಿಯ ಜೊತೆ ಬ್ಲೇಡು ಹಿಡಿದು ಕೂತರು. ನೋಡುತ್ತಿದ್ದಂತೆ ಬಳ್ಳಿಯ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿ ಮಣಿಯನ್ನೆಲ್ಲ ಡಬ್ಬಿಗೆ ಸುರಿದರು.

"ಕಾಕು! ನಾಲ್ಕು ತಿಂಗಳಿನ ಕೆಲಸ ಅದು!"

"ಕೂಸು ಕಿತ್ತು ಬಾಯಾಗ ಹಾಕ್ಕೋತೈತಿ. ಮಣಿ ಬೇಕಾಗಿದ್ದು ನಿನ್ನ ಕೈಗೆ, ಅದಕ್ಕಲ್ಲ." ಬರಿ ಬಟ್ಟೆಯ ಕೌದಿಯಲ್ಲಿ ಮಗುವನ್ನು ಸುತ್ತಿ ನನ್ನ ಮಡಿಲಿಗಿಟ್ಟರು.

ಮಗಳಿಗೆ ನಾಲ್ಕಾದಾಗ ಕಾಕು ಕಣ್ಣು ಮಂಜಾಗಿ ವಿಠ್ಠಲವಾಡಿಯಲ್ಲಿದ್ದ ಮಗನ ಮನೆಗೆ ಹೋದರು. ಮೂರೇ ಸ್ಟೇಷನ್ನು. ಎರಡು ಸಲ ಹೋದೆ. ಆಮೇಲೆ ಇವತ್ತು, ನಾಳೆ ಎಂದು ಎರಡು ವರ್ಷ ಕಳೆದೆ. ಈಗ ನಾನೂ ಮಣಿ ಕೆಲಸ ಮಾಡುತ್ತೇನೆ, ಕಲಿಯಲು ಬಂದವರಿಗೆ ಮೊದಲು ಗಂಟನ್ನೇ ಕಲಿಸುತ್ತೇನೆ. ಕಳೆದ ತಿಂಗಳು ಅವರ ಮಗನ ಫೋನು ಬಂತು. ಕಾಕು ತೀರಿಹೋಗಿ ಮೂರು ದಿನವಾಗಿತ್ತು, ಎಲ್ಲ ಮುಗಿದಿತ್ತು.

ಹೋದವರಿಗೆ ಎಡೆಯಿಟ್ಟರೆ ಕಾಗೆ ಮುಟ್ಟಬೇಕು, ಆಗಲೇ ಅವರಿಗೆ ತೃಪ್ತಿ ಎಂದು ನಮ್ಮ ನಂಬಿಕೆ. ಜೋಳದ ಹಿಟ್ಟು ತಂದು ಜೀವಮಾನದಲ್ಲಿ ಮೊದಲ ಬಾರಿಗೆ ರೊಟ್ಟಿ ಬಡಿದೆ. ನಾಲ್ಕು ಹರಿದವು, ಐದನೆಯದು ಹೇಗೋ ಉಳಿಯಿತು. ಚಟ್ನಿಪುಡಿ ಸಮೇತ ಅದೇ ಕಿಟಕಿಯಲ್ಲಿಟ್ಟು ಕಾದೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಎದುರಿನ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು, ಒಂದೂ ಇಳಿಯಲಿಲ್ಲ.

"ಅಮ್ಮಾ, ಕೌವಾ ನಹೀಂ ಆಯೇಗಾ ಕ್ಯಾ?" ಕಾಗೆ ಬರುವುದಿಲ್ಲವಾ ಎಂದು ಹಿಂದಿಯಲ್ಲಿ ಕೇಳಿದಳು ಮಗಳು.

ನನಗೆ ಆಗ ಹೊಳೆಯಿತು. ಕಾಕು ಯಾವತ್ತೂ ಕಾಗೆಗೆಂದು ರೊಟ್ಟಿ ತಂದಿರಲಿಲ್ಲ.

ತಟ್ಟೆಯನ್ನು ಒಳಗೆ ತಂದು ನೆಲದ ಮೇಲೆ ಕೂತೆ. ರೊಟ್ಟಿ ಆರಿ ಗಟ್ಟಿಯಾಗಿತ್ತು. ನೀರು ಕುಡಿಯುತ್ತ, ಅಳುತ್ತ, ಒಂದು ಚೂರೂ ಬಿಡದೆ ಪೂರ್ತಿ ತಿಂದೆ.