ಅಡ್ಡಹೆಸರು ಬಿಟ್ಟುಹೋದ ಮರಣವಾರ್ತೆ

ಅರಿಯದುದನ್ನು ಅರಿತೆನೆಂದು ಹೇಳದವಳು. ಒಮ್ಮೆ ಕೇಳಿದುದನ್ನು ಇನ್ನೊಮ್ಮೆ ಕೇಳಿ ದೃಢಪಡಿಸಿಕೊಳ್ಳದೆ ನುಡಿಯದವಳು. ಸಿರಿವಂತನ ಸಾವಿಗೊಂದು ದನಿ, ಕೂಲಿಯವನ ಸಾವಿಗೊಂದು ದನಿ ಎಂಬ ಭೇದವನ್ನು ನಾಲಗೆಗೆ ಹತ್ತಗೊಡದವಳು. ಬೇಲಿಯ ಜಗಳದಿಂದ ಹತ್ತು ವರ್ಷ ಮಾತು ಬಿಟ್ಟ ನೆರೆಯವಳ ಗಂಡನ ಹೆಸರನ್ನೂ ತನ್ನ ತಂದೆಯ ಹೆಸರಿನಷ್ಟೇ ಮೆಲುವಾಗಿ ಓದಿದವಳು. ಭಾನುವಾರದ ಪೂಜೆಯನ್ನು ತಪ್ಪಿಸದವಳು, ತಪ್ಪಿಸಿದವರನ್ನು ಆಡಿಕೊಳ್ಳದವಳು. ಸಿಟ್ಟು ಬಂದಾಗ ಕೆಟಲನ್ನು ಒಲೆಯ ಮೇಲೆ ತುಸು ಗಟ್ಟಿಯಾಗಿ ಕುಕ್ಕುವುದರ ಹೊರತು ಯಾರಿಗೂ ಬೇರೆ ಶಿಕ್ಷೆ ವಿಧಿಸದವಳು. ಇಂಥವಳೊಬ್ಬಳು ಐರ್ಲೆಂಡಿನ ಡೊನೆಗಾಲ್ ಸೀಮೆಯ ಪಡುವಣ ತೀರದಲ್ಲಿ, ಮೀನುಗಾರಿಕೆಯ ಧಕ್ಕೆಯ ಹಿಂದಿರುವ ಒಂದು ಸಣ್ಣ ರೇಡಿಯೊ ನಿಲಯದಲ್ಲಿ ಇಪ್ಪತ್ತೇಳು ವರ್ಷಗಳಿಂದ ಮರಣವಾರ್ತೆ ಓದುತ್ತಿದ್ದಳು. ಆಕೆಯ ಹೆಸರು ಡಿಂಪ್ನಾ ಮೆಕ್‌ನೆಲಿಸ್.

ಬೆಳಗಿನ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆಯ ದನಿ ಬರುತ್ತಿತ್ತು. ಆ ಹೊತ್ತಿಗೆ ಅಡುಗೆಮನೆಗಳಲ್ಲಿ ಕುರ್ಚಿ ಎಳೆಯುವ ಸದ್ದೂ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಬ್ರೆಡ್ಡು ಕಟ್ಟುವವಳ ಕೈ ತಡೆಯುತ್ತಿತ್ತು. ತೀರಿಕೊಂಡವರು ಯಾರು, ಯಾವ ಊರು, ದೇಹವನ್ನು ಮನೆಯಲ್ಲಿಟ್ಟು ಜಾಗರಣೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಪೂಜೆ ಯಾವ ಚರ್ಚಿನಲ್ಲಿ ಎಂಬುದನ್ನು ಜನ ಆಕೆಯ ಬಾಯಿಂದಲೇ ತಿಳಿದು ಆ ದಿನದ ಕೆಲಸವನ್ನು ಹೊಂದಿಸಿಕೊಳ್ಳುತ್ತಿದ್ದರು. "ಒಂಬತ್ತೂ ಹತ್ತಕ್ಕೆ ನನ್ನ ಹೆಸರು ಬರ್ಲಿಲ್ಲ ಅಂದ್ರೆ ಎದ್ದು ಪ್ಯಾಂಟು ಹಾಕ್ಕೋತೀನಿ" ಎಂದು ಧಕ್ಕೆಯ ಮುದುಕರು ನಗುತ್ತಿದ್ದರು.

ಆ ಸೀಮೆಯಲ್ಲಿ ಹೆಸರುಗಳಿಗೆ ಬಡತನವಿತ್ತು. ಒಂದೇ ಹಳ್ಳಿಯಲ್ಲಿ ನಾಲ್ವರು ಹ್ಯೂ ಗ್ಯಾಲಹರ್, ಐವರು ಮೇರಿ ಬಾಯ್ಲ್ ಇರುವುದು ಸಾಮಾನ್ಯ. ಆದುದರಿಂದ ಹಿರಿಯರು ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರನ್ನು ಕಟ್ಟಿದ್ದರು: ಒಬ್ಬನಿಗೆ ತಾಯಿಯ ಹೆಸರು, ಇನ್ನೊಬ್ಬನಿಗೆ ಅಜ್ಜನ ಕೂದಲಿನ ಬಣ್ಣ, ಮತ್ತೊಬ್ಬನಿಗೆ ಎಂದೋ ಸಾಕಿದ ಬಾತುಕೋಳಿ. ಅಂತ್ಯಕ್ರಿಯೆ ನಡೆಸುವವರಿಂದ ಸುದ್ದಿ ಬಂದೊಡನೆ ಡಿಂಪ್ನಾ ಸತ್ತವರ ಮನೆಗೆ ತಾನೇ ಫೋನು ಮಾಡುವಳು. ಸಂತಾಪ ಹೇಳಿ, ಆಮೇಲೆ ಕೇಳುವಳು: "ಜನ ಅವರನ್ನ ಏನಂತ ಕರೀತಿದ್ರು?" ಅಳುತ್ತಿದ್ದವರೂ ಆ ಪ್ರಶ್ನೆಗೆ ಒಮ್ಮೊಮ್ಮೆ ನಕ್ಕುಬಿಡುತ್ತಿದ್ದರು. ಆಕೆ ಅದನ್ನು ಪೆನ್ಸಿಲಿನಿಂದ ಬರೆದುಕೊಂಡು, ಎಲ್ಲಿ ಒತ್ತಬೇಕೋ ಅಲ್ಲಿ ಗೀಟೆಳೆದು, ಮೈಕಿನ ಮುಂದೆ ಕೂರುವಳು.

ಆ ಇಪ್ಪತ್ತೇಳನೆಯ ವರ್ಷ ನಿಲಯವನ್ನು ಡಬ್ಲಿನ್ನಿನ ಸಂಸ್ಥೆಯೊಂದು ಕೊಂಡಿತು. ಅದರ ಕಡೆಯಿಂದ ವ್ಯವಸ್ಥಾಪಕನಾಗಿ ಬಂದವನು ಫಿಯಾಕ್ರಾ ಟೋಲನ್. ಮೂವತ್ತೈದರ ಪ್ರಾಯ; ಕೆಡುಕನಲ್ಲ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗೂ ತಾನೇ ಚಹಾ ಮಾಡಿಕೊಡುತ್ತಿದ್ದ. ಒಂದು ಸೋಮವಾರ ಡಿಂಪ್ನಾಳನ್ನು ಕೂರಿಸಿಕೊಂಡು, ಮೇಜಿನ ಮೇಲೆ ಕೇಳುಗರ ಸಂಖ್ಯೆಯ ನಕ್ಷೆಯೊಂದನ್ನು ಹರಡಿದ. ಬೆಳಗಿನಿಂದ ಏರುತ್ತ ಬಂದ ಗೆರೆ ಒಂಬತ್ತು ಹತ್ತಕ್ಕೆ ಬಾವಿಗೆ ಬಿದ್ದಂತೆ ಇಳಿದಿತ್ತು.

"ಇದು ನೀವು" ಎಂದ ಫಿಯಾಕ್ರಾ. ಹೇಳಿದ ಮೇಲೆ ತಾನೇ ನಾಚಿದ. "ಅಂದ್ರೆ, ನೀವಲ್ಲ, ಸಾವು. ನಲವತ್ತರ ಒಳಗಿನವ್ರು ಸಾವು ಅಂದ ತಕ್ಷಣ ಸ್ಟೇಷನ್ ಬದಲಾಯಿಸ್ತಾರೆ. ಜಾಹೀರಾತು ಕೊಡೋರು ನೋಡೋದು ಅವ್ರನ್ನೇ."

"ಅವ್ರ ಅಪ್ಪ ಅಮ್ಮ ಸತ್ತಾಗ ತಾನಾಗೇ ವಾಪಸ್ ಬರ್ತಾರೆ ಬಿಡಪ್ಪ" ಎಂದಳು ಡಿಂಪ್ನಾ.

"ಅಷ್ಟರಲ್ಲಿ ನಾವು ಸತ್ತಿರ್ತೀವಿ, ಡಿಂಪ್ನಾ. ಕಾರು ಮಾರೋನು ಹೋದ, ಸೂಪರ್‌ಮಾರ್ಕೆಟ್ಟಿನವ್ರೂ ಹೋದ್ರು. ಅವ್ರ ಜಾಹೀರಾತೆಲ್ಲ ಈಗ ಫೋನಿನಲ್ಲಿದೆ. ನಾವೂ ಫೋನಿಗೆ ಹೋಗ್ದಿದ್ರೆ ಈಸ್ಟರ್ ಹೊತ್ತಿಗೆ ಬಾಗಿಲು ಹಾಕ್ಬೇಕು. ಒಂಬತ್ತು ಜನ ಇದ್ದೀವಿ ಇಲ್ಲಿ."

ಅವನ ಯೋಜನೆ ಹೀಗಿತ್ತು. ಒಂಬತ್ತು ಹತ್ತರ ಹೊತ್ತು ಪೀಠೋಪಕರಣದ ಅಂಗಡಿಯೊಂದು ಹಣ ಕೊಟ್ಟು ನಡೆಸುವ ಸಂಗೀತಕ್ಕೆ. ಮರಣವಾರ್ತೆಗಳು ನಿಲಯದ ಹೊಸ ಆ್ಯಪಿಗೆ, ರೇಡಿಯೊದಲ್ಲಿ ಒಬ್ಬೊಬ್ಬರಿಗೆ ಹನ್ನೆರಡು ಸೆಕೆಂಡಿನಂತೆ ಸುದ್ದಿಯ ಬಾಲಕ್ಕೆ. ಓದುವುದು ಯಂತ್ರ, ಆದರೆ ದನಿ ಡಿಂಪ್ನಾಳದೇ. ಆಕೆ ಕೆಲವು ದಿನ ಕುಳಿತು ಓದಿಕೊಟ್ಟರೆ ಸಾಕು, ಮುಂದೆ ಯಾವ ಹೆಸರನ್ನು ಕೊಟ್ಟರೂ ಯಂತ್ರ ಆಕೆಯಂತೆಯೇ ನುಡಿಯುವುದು.

ಒಂಬತ್ತು ಜನರ ಅನ್ನದ ಮಾತು ಬಂದಮೇಲೆ ಆಕೆಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೂರು ದಿನ ಕೋಣೆಯೊಳಗೆ ಕುಳಿತು, ತಲೆಬುಡವಿಲ್ಲದ ನೂರಾರು ವಾಕ್ಯಗಳನ್ನು ಓದಿದಳು. ಮನೆಗೆ ಬಂದಾಗ ಗಂಡ ಕೊನಲ್ ಕೇಳಿದ:

"ದನಿ ಕೊಟ್ಟು ಬಂದ್ಯಾ? ಹಾಗಾದ್ರೆ ಇನ್ಮೇಲೆ ನನ್ನ ಬೈಯೋಕೆ ಯಾವುದನ್ನ ಉಪಯೋಗಿಸ್ತೀಯಾ?"

ಆಕೆ ಕೆಟಲನ್ನು ಕುಕ್ಕಿದಳು. ನಗಲಿಲ್ಲ.

ಮೊದಲ ವಾರಗಳಲ್ಲಿ ಎಲ್ಲವೂ ಸರಿಯಾಗಿಯೇ ಇದ್ದಂತೆ ತೋರಿತು. ಗ್ಲಾಸ್ಗೋದಲ್ಲಿ ಬಸ್ಸು ಓಡಿಸುವ ಒಬ್ಬಾತ, ಸೋದರಮಾವನ ಸುದ್ದಿಯನ್ನು ಫೋನಿನಲ್ಲಿ ಕೇಳಿ ಅಂದಿನ ಹಡಗನ್ನೇ ಹಿಡಿದೆನೆಂದು ಧನ್ಯವಾದ ಬರೆದ. ಅದನ್ನೋದಿ ಡಿಂಪ್ನಾ ಹಿಗ್ಗಿದಳು. ತಾನು ಸುಮ್ಮನೆ ಹೆದರಿದೆನೆಂದುಕೊಂಡಳು. ಆದರೆ ಸತ್ತವರ ಮನೆಗೆ ಫೋನು ಮಾಡುವ ಕೆಲಸ ನಿಂತುಹೋಯಿತು. ಅಂತ್ಯಕ್ರಿಯೆ ನಡೆಸುವವರು ತುಂಬಿದ ಅರ್ಜಿ ನೇರವಾಗಿ ಯಂತ್ರಕ್ಕೆ ಹೋಗುತ್ತಿತ್ತು. ಆ ಅರ್ಜಿಯಲ್ಲಿ ಹೆಸರಿಗೊಂದು ಚೌಕ, ಮನೆತನಕ್ಕೊಂದು ಚೌಕ, ಊರಿಗೊಂದು ಚೌಕ ಇದ್ದವು, ಅಡ್ಡಹೆಸರಿಗೆ ಇರಲಿಲ್ಲ. ಯಂತ್ರದ ನಾಲಗೆಗೆ ಅಡ್ಡಹೆಸರುಗಳಲ್ಲಿನ ಐರಿಷ್ ಪದಗಳು ಹೊರಳಲಿಲ್ಲ; ಅದೂ ಅಲ್ಲದೆ, ಬಾತುಕೋಳಿಯ ಪ್ಯಾಡಿ ಎಂಬ ಹೆಸರಿನ ಪಕ್ಕದಲ್ಲಿ ತಮ್ಮ ಸೋಫಾ ಬರುವುದನ್ನು ಜಾಹೀರಾತುದಾರರು ಒಪ್ಪರೆಂದು ಫಿಯಾಕ್ರಾ ಅಳುಕಿದ್ದ. ಅರ್ಜಿಯನ್ನು ಕಂಡಾಗ ಡಿಂಪ್ನಾ ಅಡ್ಡಹೆಸರಿನ ಜಾಗವನ್ನು ಹುಡುಕಿದಳು. ಹೇಳಬೇಕೆಂದುಕೊಂಡಳು, ಮೂರು ದಿನ ಓದಿಕೊಟ್ಟವಳು ಈಗೇನು ಕೊಂಕು ತೆಗೆಯುವುದೆಂದು ಸುಮ್ಮನಾದಳು. ಜೀವಮಾನದಲ್ಲಿ ಆಕೆ ದೃಢಪಡಿಸಿಕೊಳ್ಳದೆ ಬಿಟ್ಟದ್ದು ಅದೊಂದೇ.

ನವೆಂಬರಿನ ಒಂದು ಗುರುವಾರ ಆಕೆಗೆ ರಜೆ. ಹಿಟ್ಟು ನಾದುತ್ತಿದ್ದಾಗ ರೇಡಿಯೊದಿಂದ ತನ್ನದೇ ದನಿ ಬಂತು: "ಹ್ಯೂ ಗ್ಯಾಲಹರ್, ಡೆರಿಮೋರ್. ಸ್ವಗೃಹದಲ್ಲಿ ಜಾಗರಣೆ, ಇಂದು ನಾಲ್ಕರಿಂದ ಒಂಬತ್ತರವರೆಗೆ." ಅಷ್ಟೆ; ಮುಂದೆ ಸೋಫಾದ ಹಾಡು. ಡೆರಿಮೋರಿನಲ್ಲಿ ಹ್ಯೂ ಗ್ಯಾಲಹರ್ ಇಬ್ಬರು. ಊರಿನ ಬಾಯಲ್ಲಿ ಒಬ್ಬ ಹ್ಯೂಯಿ ನೆಲಿ, ನೆಲಿ ಎಂಬವಳ ಮಗ. ಇನ್ನೊಬ್ಬ ಹ್ಯೂಯಿ ರುವಾ, ಅಂದರೆ ಕೆಂಪು ಹ್ಯೂಯಿ, ಕೆಂಗೂದಲ ಅಜ್ಜನ ಮೊಮ್ಮಗ.

"ಯಾವ ಹ್ಯೂಯಿ?" ಎಂದು ಕೊನಲ್ ಕೇಳಿದ.

"ಗೊತ್ತಿಲ್ಲ."

"ಅಯ್ಯೋ, ಹೇಳಿದ್ದು ನೀನೇ ಅಲ್ವೇನೆ!"

ನಿಲಯಕ್ಕೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಹ್ಯೂಯಿ ನೆಲಿ ಹೋದ ತಿಂಗಳು ಆಸ್ಪತ್ರೆಯಲ್ಲಿದ್ದ. ಅವನೇ ಇರಬೇಕು ಎಂದು ಆಕೆಯೂ ಊರಿನವರಂತೆ ಊಹಿಸಿದಳು. ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ, ನಾಲ್ಕೂವರೆಗೆ ಅವನ ಮನೆಯ ದಾರಿ ಹಿಡಿದಳು.

ಕಾರುಗಳು ಗೋಡೆಯುದ್ದಕ್ಕೂ ನಿಂತಿದ್ದವು. ಬಾಗಿಲಲ್ಲಿ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದವನು ಸಾಕ್ಷಾತ್ ಹ್ಯೂಯಿ ನೆಲಿಯೇ!

"ಬಾ ತಾಯಿ, ಬಾ" ಎಂದ. "ನನ್ನ ಸಾವಿಗೆ ನೀನೊಬ್ಳು ತಡವಾಗಿ ಬಂದೆ. ಆರು ಕೇಕು ಬಂದಿವೆ, ನನ್ನ ಆತ್ಮಕ್ಕೆ ಪೂಜೆ ಹೇಳಿಸಿದ ಕಾರ್ಡು ಹದಿನೈದು. ಇಷ್ಟೊಂದು ಪ್ರೀತಿ ಇದೆ ಅಂತ ಗೊತ್ತಿದ್ರೆ ಹೋದ ವರ್ಷವೇ ಸಾಯ್ತಿದ್ದೆ."

ನೆರೆದವರು ನಕ್ಕರು. ಅಷ್ಟರಲ್ಲಿ ಒಳಗಿನ ಫೋನು ಬಡಿದುಕೊಂಡಿತು. ವೃದ್ಧಾಶ್ರಮದಿಂದ. ಅವನ ಅಕ್ಕ ಬ್ರೀಜ್ ಬೆಳಿಗ್ಗೆ ರೇಡಿಯೊ ಕೇಳಿದಾಗಿನಿಂದ ಜಪಸರ ಹಿಡಿದು ಕುಳಿತಿದ್ದಾಳೆ, ಒಂದು ತುತ್ತೂ ಮುಟ್ಟಿಲ್ಲ. ನಿಮ್ಮ ತಮ್ಮ ಬದುಕಿದ್ದಾನೆ ಎಂದು ದಾದಿಯರು ಹೇಳಿದರೆ, ಡಿಂಪ್ನಾ ಹೇಳಿದ್ದಾಳಲ್ಲ ಎನ್ನುತ್ತಾಳೆ. ಹ್ಯೂಯಿ ನೆಲಿಯ ಮುಖದಿಂದ ನಗು ಇಳಿಯಿತು. ಅವನು ಫೋನು ಇಟ್ಟು, ಯಾರನ್ನೂ ನೋಡದೆ ಕೇಳಿದ:

"ಹಾಗಾದ್ರೆ... ರುವಾನ ಮನೆಗೆ ಯಾರು ಹೋಗಿದ್ದಾರೆ?"

ಡಿಂಪ್ನಾ ಬ್ರೆಡ್ಡನ್ನು ಎದೆಗೊತ್ತಿಕೊಂಡು ದಿಣ್ಣೆಯನ್ನು ಏರತೊಡಗಿದಳು.

ಹ್ಯೂಯಿ ರುವಾನ ಮನೆಯಲ್ಲಿ ಮೇಜಿನ ತುಂಬ ಸ್ಯಾಂಡ್‌ವಿಚ್ಚುಗಳು ಒಣಗುತ್ತಿದ್ದವು. ಎರವಲು ತಂದ ಕಪ್ಪುಗಳು ಮಗುಚಿಟ್ಟಂತೆಯೇ ಇದ್ದವು. ಗೋಡೆಗೊತ್ತಿ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಮೂವರೇ ನೆರೆಯವರು ಕುಳಿತಿದ್ದರು. ಹೆಂಡತಿ ರೋಷಾ ಶವಪೆಟ್ಟಿಗೆಯ ತಲೆಭಾಗದಲ್ಲಿ ಕೈಮಡಚಿ ಕುಳಿತಿದ್ದಳು. ಡಿಂಪ್ನಾ ಮೊಣಕಾಲೂರಿ ಪ್ರಾರ್ಥಿಸಿ, ಎದ್ದು ಅವಳ ಕೈ ಹಿಡಿದಳು.

"ನಲವತ್ತು ವರ್ಷ ಎಲ್ಲರ ದೋಣಿಯನ್ನೂ ದಡಕ್ಕೆ ಎಳೆದುಕೊಟ್ಟೋನು" ಎಂದಳು ರೋಷಾ. "ನಾಲ್ಕು ಗಂಟೆಯಿಂದ ಬಾಗಿಲು ನೋಡ್ತಾ ಇದ್ದೀನಿ, ಡಿಂಪ್ನಾ. ಇವನು ಯಾರಿಗೂ ಬೇಡವಾಗಿದ್ನಾ, ನಂಗೇ ಇಷ್ಟು ವರ್ಷ ತಿಳೀಲಿಲ್ವಾ ಅಂತ ಕೂತಿದ್ದೆ."

"ಜನ ತಪ್ಪು ಮನೆಗೆ ಹೋದ್ರು, ರೋಷಾ. ಅಡ್ಡಹೆಸರು ಹೇಳ್ಲಿಲ್ಲ. ಅದು ನಾನಲ್ಲ, ಅದು—"

"ನಿನ್ನ ದನಿ ನಂಗೆ ಗೊತ್ತಿಲ್ವಾ?"

ಯಂತ್ರದ ಕಥೆಯನ್ನು ಹೆಣದ ಮುಂದೆ ಬಿಚ್ಚುವುದೆಂತು? ದನಿಯನ್ನು ಕೊಟ್ಟದ್ದು ತಾನೇ ಅಲ್ಲವೆ? "ಹೌದು" ಎಂದಳು. "ನನ್ನದೇ. ತಪ್ಪಾಯ್ತು."

ಆಮೇಲೆ ಕೆಳಗಿನ ಮನೆಯಿಂದ ಜನ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಬಂದರು. ಹ್ಯೂಯಿ ನೆಲಿ ಆರು ಕೇಕುಗಳನ್ನೂ ಹೊತ್ತು ತಂದ. ಮನೆ ತುಂಬಿತು, ಕಪ್ಪುಗಳು ತಿರುಗಿ ನಿಂತವು. ಆದರೆ ಬರಿದಾಗಿ ಕಳೆದ ಎರಡು ಗಂಟೆಗಳನ್ನು ರೋಷಾಳಿಗೆ ಮರಳಿ ಕೊಡುವವರು ಯಾರು?

ಮರುದಿನ ಡಿಂಪ್ನಾ ಹ್ಯೂಯಿ ನೆಲಿಯ ಜೊತೆಗೆ ವೃದ್ಧಾಶ್ರಮಕ್ಕೆ ಹೋದಳು. ಎಂಬತ್ತಾರರ ಬ್ರೀಜ್ ತಮ್ಮನ ಮುಖವನ್ನು ಎರಡೂ ಕೈಯಿಂದ ತಡವಿದಳು. ಆದರೂ ಸಮಾಧಾನವಾಗದೆ ಡಿಂಪ್ನಾಳ ಕಡೆಗೆ ತಿರುಗಿದಳು.

"ಇವನು ಬದುಕಿದ್ದಾನೇನಮ್ಮ?"

"ಬದುಕಿದ್ದಾನೆ ಬ್ರೀಜ್, ನಾನು ಹೇಳ್ತಿದ್ದೀನಲ್ಲ."

"ನಿನ್ನೆ ಸತ್ತ ಅಂದೆ. ಇವತ್ತು ಬದುಕಿದ್ದಾನೆ ಅಂತೀಯ. ನಾನು ಯಾವ ಡಿಂಪ್ನಾನ ನಂಬ್ಲಿ, ಮಗಾ?"

"ನಾನಂತೂ ದಿನಾ ಊಟ ಕೇಳ್ತೀನಿ ಕಣಕ್ಕ" ಎಂದು ಹ್ಯೂಯಿ ನೆಲಿ ನಗಿಸಲು ನೋಡಿದ. ಬ್ರೀಜ್ ನಗಲಿಲ್ಲ, ಡಿಂಪ್ನಾಳ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ.

ಡಿಂಪ್ನಾ ಅಲ್ಲಿಂದ ನೇರವಾಗಿ ನಿಲಯಕ್ಕೆ ಬಂದಳು. ಫಿಯಾಕ್ರಾ ಅದಾಗಲೇ ಎಲ್ಲವನ್ನೂ ಕೇಳಿ ಬಾಡಿಹೋಗಿದ್ದ.

"ನನ್ನ ದನಿ ನಂಗೆ ವಾಪಸ್ ಕೊಡು" ಎಂದಳು.

"ಒಂದು ತಪ್ಪು, ಡಿಂಪ್ನಾ. ಸರಿ ಮಾಡೋಣ. ಆ್ಯಪ್ ಕೇಳೋರು ದಿನದಿನ ಹೆಚ್ಚುತ್ತಿದ್ದಾರೆ, ಗ್ಲಾಸ್ಗೋ, ಬಾಸ್ಟನ್..."

"ಆ್ಯಪ್ ತೆಗಿ ಅಂದ್ನಾ ನಾನು? ಗ್ಲಾಸ್ಗೋದ ಹುಡುಗನಿಗೂ ತಿಳೀಬೇಕು. ಅದರಲ್ಲೂ ನಾನೇ ಓದ್ತೀನಿ, ಒಂದೊಂದಾಗಿ. ಪ್ರತಿ ಮನೆಗೂ ಮೊದಲು ಫೋನು ಮಾಡ್ತೀನಿ. ಅಡ್ಡಹೆಸರಿಲ್ದೆ ಒಂದೂ ಹೋಗ್ಬಾರ್ದು. ಜಾಹೀರಾತನ್ನ ಮುಂಚೆ ಹಾಕು, ಆಮೇಲೆ ಹಾಕು. ಹೆಣದ ಮೇಲೆ ಹಾಕ್ಬೇಡ."

"ಒಂಬತ್ತೂ ಹತ್ತು ಕೊಡೋಕಾಗಲ್ಲ. ಆ ಹೊತ್ತು ಅಂಗಡಿಯವ್ರಿಗೆ ಬರೆದುಕೊಟ್ಟಿದ್ದೀವಿ. ಏಳು ಗಂಟೆ ಇದೆ, ಅಷ್ಟೆ."

"ಏಳಕ್ಕೆ ಯಾರಪ್ಪ ಎದ್ದಿರ್ತಾರೆ?"

"ಯಾರೂ ಇಲ್ಲ" ಎಂದು ಫಿಯಾಕ್ರಾ ಒಪ್ಪಿಕೊಂಡ. "ಅದಕ್ಕೇ ಖಾಲಿ ಇದೆ."

ಆಕೆ ಏಳನ್ನೇ ಒಪ್ಪಿದಳು. ಯಂತ್ರದೊಳಗಿನ ದನಿಯನ್ನು ಫಿಯಾಕ್ರಾ ಆಕೆಯೆದುರಿಗೇ ಅಳಿಸಿದ. ಅಳಿಸಿತೆಂದು ಪರದೆಯ ಮೇಲೆ ಅಕ್ಷರ ಬಂತು. ನಂಬುವುದಲ್ಲದೆ ಬೇರೆ ದಾರಿ ಆಕೆಗೂ ಇರಲಿಲ್ಲ.

ಅಂದಿನಿಂದ ಡಿಂಪ್ನಾ ಬೆಳಗಿನ ಆರಕ್ಕೆ ಮನೆ ಬಿಡುತ್ತಾಳೆ. ರೇಡಿಯೊದಲ್ಲಿ ಕೇಳುವವರು ಕಡಿಮೆ. ಫೋನಿನಲ್ಲಿ ಕೇಳುವವರು ಹೆಚ್ಚು. ಫೋನನ್ನು ಒತ್ತಲು ಬಾರದ ಮುದುಕರು ಒಂಬತ್ತು ಹತ್ತಕ್ಕೆ ಸೋಫಾದ ಹಾಡನ್ನು ಕೇಳಿ ಬೈಯುತ್ತಾರೆ. ಈಸ್ಟರ್ ಕಳೆದರೂ ನಿಲಯ ಮುಚ್ಚಿಲ್ಲ. ಮುಂದಿನ ಈಸ್ಟರಿನ ಮಾತನ್ನು ಫಿಯಾಕ್ರಾ ಎತ್ತುವುದಿಲ್ಲ.

ಮೇ ತಿಂಗಳಲ್ಲಿ ಬ್ರೀಜ್ ತೀರಿಕೊಂಡಳು. ಡಿಂಪ್ನಾ ಹ್ಯೂಯಿ ನೆಲಿಯ ಮನೆಗೆ ಫೋನು ಮಾಡಿ ಎಲ್ಲವನ್ನೂ ಎರಡೆರಡು ಬಾರಿ ಕೇಳಿ ಬರೆದುಕೊಂಡಳು. "ಬ್ರೀಜ್ ಗ್ಯಾಲಹರ್, ಬ್ರೀಜ್ ನೆಲಿ, ಡೆರಿಮೋರ್" ಎಂದು ಏಳು ಗಂಟೆಗೆ ಓದಿದಳು, ಆ್ಯಪಿಗೂ ಓದಿದಳು. ಎಂಟಾಗುವುದರೊಳಗೆ ನಿಲಯಕ್ಕೆ ಹನ್ನೊಂದು ಕರೆಗಳು ಬಂದವು. ಇಪ್ಪತ್ತೇಳು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಹನ್ನೊಂದು ಮಂದಿಯೂ ಕೇಳಿದರು:

"ಡಿಂಪ್ನಾ, ನಿಜವಾಗ್ಲೂ ಹೋದ್ಲಾ? ಇದು ನೀನೇನಾ?"

"ನಾನೇ" ಎಂದು ಆಕೆ ಹನ್ನೊಂದು ಮಂದಿಗೂ ಹೇಳಿದಳು. "ಹ್ಯೂಯಿ ಜೊತೆ ಮಾತಾಡಿದ್ದೀನಿ. ನಿಜವಾಗ್ಲೂ ಹೋದ್ಲು." ಹನ್ನೆರಡನೆಯ ಕರೆಗೂ ಕಾದು, ಕೋಟು ತೊಡದೆ ಫೋನಿನ ಬಳಿಯಲ್ಲೇ ಕುಳಿತಳು.

ಜನದ ನಂಬಿಕೆಯನ್ನು ಒಂದೊಂದು ಕರೆಯಾಗಿ ಮರಳಿ ನೇಯುತ್ತಿರುವ ಆ ತಾಯಿಗೆ ದೇವರು ದಣಿಯದ ಕೊರಳನ್ನು ಕೊಡಲಿ. ಕತ್ತಲಲ್ಲೇ ಎದ್ದು ಆಕೆಗೆ ಚಹಾ ಕಾಸಿಕೊಡುವ ಕೊನಲನ ಮೊಣಕಾಲು ನೋವು ತಗ್ಗಲಿ. ಆ ಮನೆಯ ಒಲೆ ಆರದಿರಲಿ. ಆ ಹೊಸ್ತಿಲಿಗೆ ಬರುವ ಸುದ್ದಿಗಳೆಲ್ಲ, ಸುಖದವಾಗಲಿ ದುಃಖದವಾಗಲಿ, ಸತ್ಯವಾಗಿಯೇ ಬರಲಿ. ಅವರ ಮಕ್ಕಳೂ ಮಕ್ಕಳ ಮಕ್ಕಳೂ ತಮ್ಮ ತಮ್ಮ ಅಡ್ಡಹೆಸರುಗಳ ಸಮೇತ ಬಹುಕಾಲ ಬಾಳಲಿ.