ಬರಬ್ಯಾಡ್ರಿ ಅಂದರೆ ಬರ್ರಿ

ಒಂದು ಗಂಟೆಗೆ ಹತ್ತು ನಿಮಿಷ ಕಮ್ಮಿ. ನಮ್ಮ ಮನೆಯವರ ಕೈಗಡಿಯಾರ ಹೇಳುತ್ತಿದ್ದದ್ದು ಅಷ್ಟು. ಆದರೆ ಅದು ಸೇಡಂನ ನಡುರಾತ್ರಿಯ ವೇಳೆ; ಆ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ನಾನು ನಿಂತಿದ್ದ ಬಾರ್ಬಡೋಸ್ ದ್ವೀಪದ ದಂಡೆಯಲ್ಲಿ ಮಧ್ಯಾಹ್ನದ ಮೂರು ಗಂಟೆ ಇಪ್ಪತ್ತು ನಿಮಿಷ, ಮರಳು ಅಂಗಾಲು ಸುಡುತ್ತಿತ್ತು, ನೀರು ಹೊಸದಾಗಿ ಕಲಾಯಿ ಹಚ್ಚಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಮುಂಬಯಿಯಲ್ಲಿ ವಿಮಾನ ಹತ್ತಿದಂದಿನಿಂದ ಇವರು ಗಡಿಯಾರದ ಮುಳ್ಳು ತಿರುಗಿಸಿರಲಿಲ್ಲ. "ಟೈಮ್ ಬದಲಿ ಮಾಡಿದ್ರ ಊರು ಬಿಟ್ಟಂಗಾಗ್ತದ" ಎಂಬುದು ಅವರ ವಾದ. ಹೀಗಾಗಿ ವೇಳೆ ತಿಳಿಯಬೇಕಾದಾಗಲೆಲ್ಲ ನಾನು ಬೆರಳು ಮಡಿಚಿ ಒಂಬತ್ತೂವರೆ ತಾಸು ಕಳೆಯಬೇಕಾಗಿತ್ತು. ಗೆಳೆಯರೆ, ಆ ಗಳಿಗೆಯಲ್ಲಿ ಮಾತ್ರ ನಾನು ಏನನ್ನೂ ಕಳೆಯುತ್ತಿರಲಿಲ್ಲ, ಕಳೆದುಕೊಳ್ಳುವುದರಲ್ಲಿದ್ದೆ.

ಅಷ್ಟು ದೂರ ಹೋದದ್ದಾದರೂ ಹೇಗೆ ಎನ್ನುತ್ತೀರಾ? ಸುಣ್ಣದ ಕಲ್ಲು ಕರೆದುಕೊಂಡು ಹೋಯಿತು. ನಮ್ಮ ಕಡೆ ನೆಲ ಅಗೆದರೆ ಸಿಗುವುದು ಅದೇ ಕಲ್ಲು. ನೆಲಕ್ಕೆ ಹಾಸಿದರೆ ಪರ್ಸಿ, ಸುಟ್ಟರೆ ಸಿಮೆಂಟು. ಶಹಾಬಾದದಲ್ಲಿ ಹುಟ್ಟಿ ಬೆಳೆದ ಇವರು ಸಿಮೆಂಟ್ ಕಾರ್ಖಾನೆಯ ಭಟ್ಟಿಯ ಎಂಜಿನಿಯರು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಆ ದ್ವೀಪದ ಉತ್ತರದ ತುದಿಯ ಒಂದು ಕಾರ್ಖಾನೆಯ ಭಟ್ಟಿಯನ್ನು ರಿಪೇರಿ ಮಾಡಿಕೊಡಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇವರನ್ನು ಕಳಿಸಿದರು. ಸೇಡಂನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ರಜೆ ಹಾಕಿ, ವಾಡಿ ಜಂಕ್ಷನ್ನಿನಲ್ಲಿ ಇವರ ಹಿಂದೆಯೇ ರೈಲು ಹತ್ತಿದೆ. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೊಡ್ಡ ನೀರೆಂದರೆ ಮಳಖೇಡದ ಹತ್ತಿರ ಮಳೆಗಾಲದಲ್ಲಿ ತುಂಬಿ ಹರಿಯುವ ಕಾಗಿಣಾ.

ನಾವು ಇಳಿದದ್ದು ಮಿಸ್ ಯೂನಿಸ್ ಎಂಬಾಕೆಯ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಅರವತ್ತೈದು ದಾಟಿದ್ದರೂ ದನಿಯಲ್ಲಿ ಇನ್ನೂ ಶಾಲೆಯ ಗಂಟೆ. ಆಕೆಯ ಇಂಗ್ಲಿಷು ಪುಸ್ತಕದ ಇಂಗ್ಲಿಷಿಗೆ ಎಷ್ಟು ದೂರವೋ ನಮ್ಮ ಸೇಡಂನ ಕನ್ನಡ ಮೈಸೂರಿನ ಕನ್ನಡಕ್ಕೆ ಅಷ್ಟೇ ದೂರ. ಅದಕ್ಕೇ ಇರಬೇಕು, ಆಕೆಯ ಮಾತು ಇಂದಿಗೂ ನನ್ನ ಕಿವಿಯಲ್ಲಿ ನಮ್ಮ ಕನ್ನಡವಾಗಿಯೇ ಉಳಿದಿದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದವಳೇ ನಾನು ಚೀರಿದೆ. ಇವರು ಅರ್ಧ ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡೇ ಓಡಿ ಬಂದರು.

"ಏನಾತು? ಹಾವೇನು?"

"ಹಾವಲ್ರಿ, ಪುಂಡಿ! ಪುಂಡಿ ಗಿಡ!"

ಅದೇ ಕೆಂಪು ದಂಟು, ಅದೇ ಬೆರಳು ಬಿಡಿಸಿದಂಥ ಎಲೆ. ಸುಲೇಪೇಟೆಯ ಸಂತೆಯಿಂದ ಯಾರೋ ಒಂದು ಸಿವುಡು ತಂದು ಭೂಮಿಯ ಆ ಬದಿಯಲ್ಲಿ ನೆಟ್ಟಂತಿತ್ತು. ಮಿಸ್ ಯೂನಿಸ್ ಗಿಡದ ಬುಡದಲ್ಲಿ ಕುಳಿತು ಹೂವಿನ ಕೆಂಪು ತೊಟ್ಟುಗಳನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಶುಂಠಿ, ಲವಂಗ ಹಾಕಿ ಕುದಿಸಿದರೆ ಅದು ಅವರ ಕ್ರಿಸ್‌ಮಸ್‌ನ ಪಾನಕ. ಎಲೆಗಳೆಲ್ಲ ಪಕ್ಕದಲ್ಲಿ ಕಸವಾಗಿ ಬಿದ್ದಿದ್ದವು. ನಾವು ಆ ಹುಳಿ ಎಲೆಯ ಪಲ್ಯ ಮಾಡಿ ತಿನ್ನುತ್ತೇವೆ, ಹೂವಿನ ಗೊಡವೆಗೆ ಹೋಗುವುದಿಲ್ಲ ಎಂದೆ.

"ಹೂ ಕಸಕ್ಕ ಒಗೀತೀರಿ?" ಎಂದು ಆಕೆ ಕಣ್ಣರಳಿಸಿದಳು.

"ನೀವು ಎಲಿ ಒಗೀತೀರಿ?" ಎಂದು ನಾನೂ ಅರಳಿಸಿದೆ.

ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡೆವು. ಅಂದಿನಿಂದ ನನಗೆ ಹುಚ್ಚೇ ಹಿಡಿಯಿತು ಎನ್ನಿ. ಬೇಲಿಯ ಪಕ್ಕದ ಗಿಡದಲ್ಲಿ ತೊಗರಿ! ಹಸಿ ತೊಗರಿಕಾಯಿ ಸುಲಿಯುತ್ತ ಹರಟೆ ಹೊಡೆಯುವ ಹೆಂಗಸರು! ಕ್ರಿಸ್‌ಮಸ್ಸಿನ ದಿನ ಅವರು ಮಾಡುವ ವಿಶೇಷ ಅಡಿಗೆಯ ಹೆಸರು ಜಗ್‌ಜಗ್. ತೊಗರಿಕಾಳು ಬೇಯಿಸಿ, ಜೋಳದ ಹಿಟ್ಟು ಬೆರೆಸಿ, ಮಾಂಸ ಸೇರಿಸಿ ತಿರುವುತ್ತಾರೆ. ನಾವು ಆಚಾರದ ಮನೆಯವರೆಂದು ಮಿಸ್ ಯೂನಿಸ್ ಮಾಂಸವಿಲ್ಲದ ಗಡಿಗೆಯೊಂದನ್ನು ಬೇರೆಯೇ ಇಟ್ಟಳು. ಮೊದಲ ತುತ್ತಿಗೇ ಇವರು "ಏ, ಇದು ನಮ್ಮವ್ವನ ಕೈ!" ಎಂದುಬಿಟ್ಟರು. ಜೋಳ, ತೊಗರಿ, ಪುಂಡಿ: ನಮ್ಮ ಪುಂಡಿಪಲ್ಯಕ್ಕೆ ಬೇಕಾದದ್ದೆಲ್ಲ ಆ ಹಿತ್ತಲಲ್ಲಿತ್ತು, ಒಂದೇ ಗಡಿಗೆಗೆ ಬಿದ್ದಿರಲಿಲ್ಲ ಅಷ್ಟೆ. ಜಗ್‌ಜಗ್ ಎಂಬ ಹೆಸರಿನಲ್ಲೇ ಎರಡು ಜಗ ಕೂತಿವೆಯಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಬೇರೆಯವರ ಹಿತ್ತಲಲ್ಲಿ ಕಂಡಾಗ ಅದರಂಥ ಮದ್ದಿಲ್ಲ.

ಇವೆಲ್ಲ ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದ್ದಕ್ಕೆ ಮಿಸ್ ಯೂನಿಸ್ ಸೌಟು ತಿರುವುತ್ತಲೇ ಹೇಳಿದಳು: "ನಮ್ಮ ಹಿರೀಕರನ್ನ ಆಫ್ರಿಕಾದಿಂದ ಹಡಗಿನ್ಯಾಗ ತುಂಬಿ ತಂದ್ರು. ಕಾಳೂ ಹಂಗೇ ಬಂದ್ವು. ಬರ್ತೀರೇನು ಅಂತ ಕಾಳಿಗೂ ಯಾರೂ ಕೇಳಲಿಲ್ಲ, ನಮಗೂ ಕೇಳಲಿಲ್ಲ." ಅದಕ್ಕೋ ಏನೋ, ಆ ದ್ವೀಪದ ಜನ ಒಬ್ಬರನ್ನೊಬ್ಬರು ಕೇಳದೆ, ಮಾತಾಡಿಸದೆ ಬಿಡುವುದಿಲ್ಲ. ಬಸ್ಸು ಹತ್ತಿದರೂ, ಅಂಗಡಿ ಹೊಕ್ಕರೂ ಅಲ್ಲಿದ್ದವರಿಗೆಲ್ಲ ಮೊದಲು ಗುಡ್ ಮಾರ್ನಿಂಗ್ ಹೇಳಬೇಕು, ಹೇಳದವರು ಸೊಕ್ಕಿನವರು. ನಮ್ಮ ಊರಲ್ಲಿ ಬಾಗಿಲಿಗೆ ಬಂದವರಿಗೆ ಬರ್ರಿ, ಕುಂದ್ರಿ ಅನ್ನದಿದ್ದರೆ ಹೇಗೋ ಹಾಗೆ.

ಹೊಸ ವರ್ಷ ಕಳೆದ ಮೇಲಿನ ಒಂದು ಭಾನುವಾರ. ನಮ್ಮ ಬದಿಯ ಸಮುದ್ರ ದಿನವೂ ತಾಟಿನಲ್ಲಿಟ್ಟ ನೀರಿನಂತಿರುತ್ತಿತ್ತು. ಅಂದು ಉತ್ತರದಿಂದ ದೊಡ್ಡ ತೆರೆಗಳು ಬರುತ್ತಿದ್ದವು. ಇವರು ಈಜು ಕಲಿತದ್ದು ಶಹಾಬಾದದ ಹಳೆಯ ಪರ್ಸಿ ಖಣಿಗಳಲ್ಲಿ, ಕಲ್ಲು ತೆಗೆದ ಗುಂಡಿಗಳಲ್ಲಿ ನಿಂತ ಮಳೆನೀರಿನಲ್ಲಿ. ಅಲ್ಲಿ ಅಲುಗದ ನೀರೇ ಒಳ್ಳೆಯ ನೀರು, ಎದುರಿಗೆ ಕಂಡ ದಂಡೆಯೇ ದಂಡೆ.

"ಅಲ್ಲಿ ನೋಡಲ್ಲೇ, ಎರಡೂ ಕಡಿ ತೆರಿ ಒಡೀಲಿಕತ್ತಾವ, ನಡುವ ಮಾತ್ರ ನಮ್ಮ ಖಣಿ ನೀರಿನಂಗ ಗಪ್ಪಗದ," ಎಂದು ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟು, ಆ ಗಪ್ಪಗಿನ ಪಟ್ಟಿಯಲ್ಲೇ ಇಳಿದರು.

ತೆರೆ ಒಡೆಯದ ಆ ಜಾಗವೇ ದಂಡೆಗೆ ಬಂದ ನೀರೆಲ್ಲ ಸೇರಿ ಹಿಂದಕ್ಕೆ ಹೋಗುವ ದಾರಿ, ಸಮುದ್ರದೊಳಗಿನ ಒಂದು ಹೊಳೆ ಎಂಬುದು ನಮಗೇನು ಗೊತ್ತು? ನಾನು ಕಂಡದ್ದು ಇಷ್ಟು: ಇವರ ಮುಖ ನನ್ನ ಕಡೆಗಿದೆ, ತೋಳುಗಳು ನನ್ನ ಕಡೆಗೇ ಬೀಸುತ್ತಿವೆ, ತಲೆ ಮಾತ್ರ ಸಣ್ಣದಾಗುತ್ತಿದೆ. ಹತ್ತಿರ ಬರುವ ಹಾಗೆ ಈಜುತ್ತ ದೂರ ಹೋಗುವ ಮನುಷ್ಯನನ್ನು ನೀವು ಕಂಡಿಲ್ಲದಿದ್ದರೆ ಕಾಣುವುದು ಬೇಡ. ನಾನು ಸೊಂಟದವರೆಗೆ ನೀರಿಗಿಳಿದು ಕೂಗತೊಡಗಿದೆ: "ಬರ್ರಿ! ಈ ಕಡೀಗಿ ಬರ್ರಿ! ಜಲ್ದಿ ಬರ್ರಿ!" ನಾನು ಕೂಗಿದಷ್ಟೂ ಇವರು ನನ್ನತ್ತಲೇ ಬರಲು ಮೈಮುರಿದು ಬಡಿದಾಡಿದರು. ಒಮ್ಮೆ ತಲೆ ಮುಳುಗಿ ಎದ್ದಿತು.

ಹಿಂದಿನಿಂದ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ಚರ್ಚು ಮುಗಿಸಿ ಬಂದು ಬಾದಾಮಿ ಮರದ ನೆರಳಿನಲ್ಲಿ ಕೂತಿದ್ದ ಮಿಸ್ ಯೂನಿಸ್, ಟೋಪಿ ಎಲ್ಲೋ ಬಿದ್ದು, ಸೀರೆಯಂಥ ಉದ್ದ ಲಂಗ ಒದ್ದೆಯಾಗಿ, ಏದುಸಿರು ಬಿಡುತ್ತ ನಿಂತಿದ್ದಳು.

"ಕರೀಬ್ಯಾಡ! ನೀ ಕರದ್ರ ಅಂವ ನೀರಿಗೆ ಎದುರಾಗಿ ಬರ್ತಾನ, ಸೋತು ಮುಳುಗ್ತಾನ. ಅಡ್ಡ ಹೋಗಲಿ, ದಂಡಿ ಉದ್ದಕ್ಕ ಹೋಗಲಿ. ಹೇಳು! ನಿನ್ನ ಮಾತಿನ್ಯಾಗ ಹೇಳು!"

ನಾನು ಹೇಳಿದೆ. ಗಂಟಲು ಹರಿಯುವಂತೆ ಹೇಳಿದೆ. "ಬರಬ್ಯಾಡ್ರೀ! ನನ್ನ ಕಡೀಗಿ ಬರಬ್ಯಾಡ್ರೀ! ಅಡ್ಡ ಹೋಗ್ರಿ!"

ನಮ್ಮ ಕಡೆಯವರಿಗೆ ಈ ಮಾತಿನ ಭಾರ ಗೊತ್ತು. ಮನೆ ಬಿಟ್ಟು ಹೊರಟವನೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾನೆ. ಜಗಳವಾಡಿದ ನೆಂಟನಿಗೂ ಬರಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮುಳುಗುತ್ತಿರುವ ಗಂಡನಿಗೆ ಹೆಂಡತಿಯ ಬಾಯಿಂದ ಬರುವ ಮಾತೇ ಅದು? ನೀರಿನ ನಡುವೆ ಇವರ ಮುಖ ಒಂದು ಕ್ಷಣ ನನ್ನನ್ನು ನೋಡಿತು. ಆ ನೋಟವೇ ಇಂದಿಗೂ ಬಚ್ಚಲಲ್ಲಿ ನಲ್ಲಿ ಬಿಟ್ಟರೂ, ಕಾಗಿಣೆಯ ಸೇತುವೆ ದಾಟಿದರೂ ಎದುರಿಗೆ ಬಂದು ನಿಲ್ಲುವುದು. ಆಮೇಲೆ ಅವರು ಬಡಿದಾಟ ನಿಲ್ಲಿಸಿ, ಅಂಗಾತವಾಗಿ, ಮೆಲ್ಲನೆ ಪಕ್ಕಕ್ಕೆ ಸರಿಯತೊಡಗಿದರು. ತೆರೆ ಒಡೆಯುವ ಬಿಳಿ ನೀರು ಸಿಕ್ಕಿತು. ಆ ತೆರೆಗಳೇ ಅವರನ್ನು ನೂಕುತ್ತ ನೂಕುತ್ತ ಬಹಳ ದೂರದ ದಂಡೆಗೆ ತಂದು ಒಗೆದವು. ನಾನು ಓಡಿ ಮುಟ್ಟುವ ಹೊತ್ತಿಗೆ ಮೀನುಗಾರರಿಬ್ಬರು ಬೆನ್ನು ಬಡಿದು ನೀರು ಕಕ್ಕಿಸುತ್ತಿದ್ದರು.

"ಜೀವಮಾನದಾಗ ಒಂದ್ಸಲ ಬರಬ್ಯಾಡ ಅಂದಿ," ಎಂದರು ಕೆಮ್ಮುತ್ತ, "ಅದೂ ಇಂಥಾ ಹೊತ್ತಿನ್ಯಾಗ."

ಕಥೆಗಳಲ್ಲಾದರೆ ಇಂಥ ಹೊತ್ತಿಗೆ ಗಡಿಯಾರ ನಿಲ್ಲುತ್ತದೆ. ನನ್ನ ಮುಷ್ಟಿಯಲ್ಲಿದ್ದದ್ದು ಉಪ್ಪುನೀರು ಕುಡಿದೂ ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಿಂತದ್ದು ನಮ್ಮ ನಿದ್ದೆ. ಕಣ್ಣು ಮುಚ್ಚಿದರೆ ತಲೆ ಸಣ್ಣದಾಗುತ್ತ ಹೋಗುತ್ತಿತ್ತು. ಗಾಳಿ ಎದುರು ಬೀಸಿ ನನ್ನ ಮಾತು ಅವರಿಗೆ ಕೇಳದಿದ್ದರೆ? ಮಿಸ್ ಯೂನಿಸ್ ಅಂದು ಚರ್ಚಿನಲ್ಲೇ ಉಳಿದಿದ್ದರೆ? ಕಾಲು ಚಾಚಿ ಇವರ ಕಾಲು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಮುಟ್ಟಿದ ಕೂಡಲೇ ಆ ಕಾಲು ಸರಿಯುತ್ತಿತ್ತು, ಅವರೂ ಎಚ್ಚರ. ಕೇಳಿದರೆ "ಸೇಡಂನಾಗ ಈಗ ಹಗಲದಲ್ಲ, ಅದಕ್ಕ ನಿದ್ದಿ ಬರವಲ್ದು" ಎಂಬ ಉತ್ತರ. ಅದಕ್ಕೂ ಮೊದಲು ಅದೇ ಗಡಿಯಾರ ಕಟ್ಟಿಕೊಂಡು ಗೊರಕೆ ಹೊಡೆದವರು!

"ಟಿಕೀಟು ಬದಲಿ ಮಾಡಸ್ರಿ, ಊರಿಗಿ ಹೋಗೋಣ," ಎಂದೆ.

"ಭಟ್ಟಿ ಹಚ್ಚೂದದ ಇನ್ನ. ಅರ್ಧಕ್ಕ ಬಿಟ್ಟು ಹ್ಯಾಂಗ ಬರ್ಲಿ?" ಎಂದರು. ಆದರೆ ದನಿಯಲ್ಲಿ ಗಟ್ಟಿಯಿರಲಿಲ್ಲ. ನಾನು ಇನ್ನೆರಡು ಸಲ ಕೇಳಿದ್ದರೆ ಹೊರಟೇಬಿಡುತ್ತಿದ್ದೆವು. ಜೋಳ, ತೊಗರಿ, ಪುಂಡಿಯ ಆ ದ್ವೀಪ ನಮ್ಮ ಪಾಲಿಗೆ ಒಂದು ಮುಳುಗುವ ತಲೆಯಾಗಿ ಮಾತ್ರ ಉಳಿಯುತ್ತಿತ್ತು.

ಆ ನಡುವೆ ಮಿಸ್ ಯೂನಿಸ್ ಕೇಳಿದಳು: "ಅವತ್ತು ಒದರಿದ್ಯಲ್ಲ, ಆ ಮಾತಿನ ಅರ್ಥ ಏನು? ಬಾ-ರಾ-ಬ್ಯಾ-ಡ್ರಿ?" ನಾನು ಬಾಯಿ ತೆರೆಯುವ ಮೊದಲೇ ಇವರು, "ದಯಮಾಡಿ ಬರ್ರಿ ಅಂತ ಅರ್ಥ. ನಮ್ಮ ಕಡಿ ಊಟಕ್ಕ ಹಂಗೇ ಕರೀತೀವಿ" ಎಂದುಬಿಟ್ಟರು. ಮರುದಿನದಿಂದ ಶುರುವಾಯಿತು ನೋಡಿ. ಪಾನಕ ಆದರೆ "ಬರಬ್ಯಾಡ್ರೀ!" ಬಿಸಿ ಬ್ರೆಡ್ಡು ಇಳಿದರೆ "ಬರಬ್ಯಾಡ್ರೀ!" ಪ್ರತಿ ಸಲವೂ ನನ್ನ ಹೊಟ್ಟೆಯಲ್ಲಿ ಒಂದು ತೆರೆ ಒಡೆಯುತ್ತಿತ್ತು. ಇವರು ಮಾತ್ರ ಗುಳುಗುಳು ನಗುತ್ತ ಹೋಗಿ ಕೂಡುತ್ತಿದ್ದರು. ತಿದ್ದಬೇಕೆಂದು ನನಗೆ ಅನ್ನಿಸಿದ್ದುಂಟು, ತಿದ್ದಲಿಲ್ಲ.

ಆಕೆಗೆ ನಮ್ಮ ಕಣ್ಣಿನ ಕೆಂಪು ಕಾಣದೆ ಇರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತಟ್ಟಿ, "ಏಳ್ರಿ, ಸಮುದ್ರಸ್ನಾನಕ್ಕ" ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. "ನಮ್ಮ ಕಡಿ ಒಂದು ಗಾದಿ ಮಾತದ," ಎಂದಳು, "ಸಮುದ್ರಕ್ಕ ಹಿತ್ತಲ ಬಾಗಿಲಿಲ್ಲ. ಹುಷಾರಾಗಿರು ಅಂತ ಹಿರೇರು ಹೇಳೂದು. ನಾ ನಿನಗ ಇನ್ನೊಂದು ಹೇಳ್ತೀನಿ ಕೇಳು. ಹಿತ್ತಲಿಂದ ಓಡಿ ಹೋಗ್ಲಿಕ್ಕ ಬರಂಗಿಲ್ಲ ಅಂದಮ್ಯಾಲ ಮುಂಬಾಗಿಲಿಗೇ ಹೋಗಿ ಗುಡ್ ಮಾರ್ನಿಂಗ್ ಅನ್ನಬೇಕು."

ಅಯ್ಯೋ, ಆ ದೃಶ್ಯವನ್ನು ನಿಮಗೆ ಹೇಗೆ ತೋರಿಸಲಿ! ಬೆಳಗಿನ ತಿಳಿ ನೀರಿನಲ್ಲಿ ಹತ್ತು ಹನ್ನೆರಡು ಮುದಿ ತಲೆಗಳು, ತಲೆಯ ಮೇಲೆ ಹುಲ್ಲಿನ ಟೋಪಿಗಳು, ಕೆಳಗೆ ಯಾರಿಗೂ ದೇಹವೇ ಇಲ್ಲ! ಚಿತ್ತಾಪುರದ ನನ್ನ ತವರಿನ ಓಣಿಯ ಹರಟೆಯ ಕಟ್ಟೆಯನ್ನು ಕುತ್ತಿಗೆಮಟ ನೀರಿನಲ್ಲಿ ಮುಳುಗಿಸಿದಂತಿತ್ತು. ಯಾರೂ ಈಜುವುದಿಲ್ಲ, ನಿಂತು ಮಾತಾಡುತ್ತಾರೆ: ಕ್ರಿಕೆಟ್ಟು, ಸೊಸೆಯಂದಿರು, ಮಂಡಿ ನೋವು. ಇವರನ್ನು ಕಂಡದ್ದೇ ಒಬ್ಬ ನಿವೃತ್ತ ಬಸ್ ಡ್ರೈವರ್ ಕೂಗಿದ: "ಎಂಜಿನಿಯರ್ ಸಾಹೇಬ್ರ, ಮತ್ತ ಈಜಿಕೋತ ಪನಾಮಾಕ್ಕ ಹೊಂಟೀರೇನು? ಕಾಲುವಿ ತೋಡ್ಲಿಕ್ಕ ನಮ್ಮಜ್ಜನೂ ಅಲ್ಲಿಗೇ ಹೋಗಿದ್ದ. ಆದ್ರ ಹಡಗಿನ್ಯಾಗ!" ನೀರೆಲ್ಲ ನಕ್ಕಿತು. ನಾನು ಹಳೆಯ ಚೂಡಿದಾರದಲ್ಲಿ ಪಾದ, ಮೊಣಕಾಲು, ಸೊಂಟ ಎನ್ನುತ್ತ ಇಳಿದು, ಮಿಸ್ ಯೂನಿಸಳ ಕೈ ಬಿಡದೆ ಆ ವರ್ತುಲದಲ್ಲಿ ನಿಂತೆ. ದಿನಗಳು ಕಳೆದಂತೆ ಕೈ ಬಿಟ್ಟೆ. ನೀರನ್ನು ಓದುವುದು ಕಲಿತೆವು: ಎಲ್ಲಿ ಬಣ್ಣ ಗಾಢ, ಎಲ್ಲಿ ನೊರೆ ಹಿಂದಕ್ಕೆ ಹೊರಟಿದೆ, ಯಾವ ದಿನ ದಂಡೆಯಲ್ಲೇ ಕೂತು ಹರಟಬೇಕು. ಗಪ್ಪಗಿರುವುದೆಲ್ಲ ಸಾಧುವಲ್ಲ ಎಂಬುದನ್ನು ಖಣಿಯಲ್ಲಿ ಬೆಳೆದವರು ಹೊಸದಾಗಿ ಕಲಿಯಬೇಕಾಯಿತು.

ದಂಡೆಯ ಹಳೆಯ ಮನೆಗಳ ಗೋಡೆಗೆ ಅಲ್ಲಿ ಹವಳದ ಕಲ್ಲು; ಕಲ್ಲಿನೊಳಗೆ ಚಿಪ್ಪುಗಳು ಹಾಗೇ ಕಾಣುತ್ತವೆ. ಅದನ್ನು ಸವರುವಾಗ ಸೇಡಂನ ನಮ್ಮ ಪಡಸಾಲೆಯ ಒಂದು ಪರ್ಸಿ ನೆನಪಾಯಿತು. ಅದರ ಮೈಮೇಲೆ ಸಣ್ಣ ಸಣ್ಣ ಏರಿಳಿತದ ಗೆರೆಗಳಿವೆ. ಪಾಠ ಹೇಳುವವಳಾದ ನನಗೆ ಅವು ಯುಗಗಳ ಹಿಂದಿನ ಸಮುದ್ರದ ಗುರುತೆಂದು ಗೊತ್ತಿತ್ತು, ಅಂಗಾಲಿಗೆ ಗೊತ್ತಿರಲಿಲ್ಲ. ನಾವು ಸಮುದ್ರ ಕಾಣದ ಜನ ಎಂದುಕೊಂಡಿದ್ದೆ. ಸಮುದ್ರದ ಮೇಲೇ ಹಾಸಿಗೆ ಹಾಸಿ ಮಲಗಿದವರು ನಾವು. ನಮ್ಮದು ಗಟ್ಟಿಯಾಗಿದೆ, ಅವರದು ಇನ್ನೂ ಹರಿದಾಡುತ್ತಿದೆ.

ಭಟ್ಟಿ ಹೊತ್ತಿದ ವಾರ, ಆ ನೀರಿನ ಕಟ್ಟೆಯವರನ್ನೆಲ್ಲ ಊಟಕ್ಕೆ ಕರೆದೆ. ಒಗೆಯುವ ಎಲೆಗಳನ್ನು ಆರಿಸಿ, ಅವರದೇ ತೊಗರಿ, ಅವರದೇ ಜೋಳ ಹಾಕಿ ಪುಂಡಿಪಲ್ಯ ಮಾಡಿದೆ. ಡ್ರೈವರ್ ಮೂರು ಸಲ ಬಡಿಸಿಕೊಂಡ. ಮಿಸ್ ಯೂನಿಸ್ ಹುಳಿಗೆ ಒಂದು ಕಣ್ಣು ಮುಚ್ಚಿ, "ಇಷ್ಟು ದಿನ ಕಸದಾಗ ಒಗದೆವಲ್ಲೋ ದೇವರೇ" ಎಂದಳು. ಎಲ್ಲರೂ ಹೋದ ಮೇಲೆ ಪಾತ್ರೆಗಳನ್ನು ಹಾಗೇ ಬಿಟ್ಟು ಒರಗಿದೆವು.

ಆಮೇಲೆ ನನಗೆ ಗೊತ್ತಾದದ್ದು ಕಣ್ಣಿನ ಮೇಲೆ ಬಿದ್ದ ಬಿಸಿಲು, ಮತ್ತು ಹಿತ್ತಲ ಬಾಗಿಲು ಮುರಿಯುವಂಥ ಬಡಿತ.

"ಬರಬ್ಯಾಡ್ರೀ! ಬರಬ್ಯಾಡ್ರೀ!"

ಹೊಟ್ಟೆಯಲ್ಲಿ ತೆರೆ ಒಡೆಯಲೆಂದು ನಾನು ಕಾದೆ. ಒಡೆಯಲಿಲ್ಲ; ಹಸಿವಾಗಿತ್ತು. ಪಕ್ಕದಲ್ಲಿ ಇವರು ಬಾಯಿ ತೆರೆದು ಮಲಗಿದ್ದವರು ತಡವರಿಸಿ ಗಡಿಯಾರ ಹುಡುಕಿ ಕಣ್ಣಿನ ಹತ್ತಿರ ಹಿಡಿದರು.

"ನಾಲ್ಕೂವರಿ ಆಗ್ಯಾದ."

"ಎಲ್ಲಿ?"

"ಸೇಡಂನಾಗ. ಚಾದ ಹೊತ್ತು."

ಬೆರಳು ಮಡಿಚಿದೆ. ಇಲ್ಲಿ ಏಳು. ಸಮುದ್ರಸ್ನಾನ ಮುಗಿದೇ ಹೋಗಿದೆ. ಬಾಗಿಲಾಚೆ ಒದ್ದೆ ಟೋಪಿಗಳು ನಮಗೇನಾಯಿತೋ ಎಂದು ಗುಸುಗುಸು ಮಾಡುತ್ತಿವೆ. ರಾತ್ರಿಯಿಡೀ ನನ್ನ ಕಾಲು ಯಾರ ಕಾಲನ್ನೂ ಹುಡುಕಿರಲಿಲ್ಲ.

"ಬಂದೆವ್ರೀ!" ಎಂದು ಕೂಗಿ, ಕೂದಲು ಕಟ್ಟಿಕೊಳ್ಳುತ್ತ ಹೋಗಿ ಚಿಲಕ ತೆಗೆದೆ.